ಶಾಂತವೇರಿ ಗೋಪಾಲಗೌಡರು

ತೀರ್ಥಹಳ್ಳಿ ಸೀಮೆಯ ಬಡ ಕುಟುಂಬವೊಂದರಲ್ಲಿ 1923ನೆಯ ಇಸವಿಯಲ್ಲಿ ಜನಿಸಿದ ಶ್ರೀ ಗೋಪಾಲಗೌಡರು, ತಾರುಣ್ಯದಲ್ಲಿಯೇ 1942ರ ಸ್ವಾತಂತ್ರ್ಯ ಚಳವಳಿಯಲ್ಲಿ ಸೇರಿ ಸೆರೆಮನೆಯನ್ನು ಕಂಡರು. ಆ ಕಾಲದಲ್ಲಿ ಸಾಗರದ ಬಳಿಯ ಕಾಗೋಡಿನಲ್ಲಿ ಭೂಮಾಲೀಕರು ಹಿರಿದಾದ ಕೊಳಗದಿಂದ ಗೇಣಿಯನ್ನು ಅಳೆದುಕೊಳ್ಳುತ್ತಿದ್ದರು. ಈ ಅನ್ಯಾಯವನ್ನು ಪ್ರತಿಭಟಿಸಿ 1951ರಲ್ಲಿ ನಡೆದ ರೈತರ ಸತ್ಯಾಗ್ರಹಕ್ಕೆ ಗೌಡರು ಮುಂದಾಳುಗಳಲ್ಲೊಬ್ಬರಾದರು, ಡಾ. ರಾಮಮನೋಹರ ಲೋಹಿಯಾರವರೂ ಅಲ್ಲಿಗೆ ಬಂದು ಬಂಧಿತರಾದರು.

1952ರಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ಶಾಸನಸಭೆಗೆ ನಿಂತಾಗ ಅವರ ಕೈಯಲ್ಲಿ ದ್ರವ್ಯವಿರಲಿಲ್ಲ. ಆದುದರಿಂದ ಜನರಲ್ಲಿ ಒಂದು ಮತವನ್ನೂ ಅದರೊಡನೆ ಒಂದು ನೋಟನ್ನೂ ಯಾಚಿಸಿದರು. ಹೀಗೆ ಬಡವರ ಕಾಸಿನಿಂದ ಗೆದ್ದವರು ಆ ಋಣವನ್ನು ಎಂದಿಗೂ ಮರೆಯಲಿಲ್ಲ. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯೂ ಅವರನ್ನೇ ಆರಿಸಿತು.

ಅವರ ಒಡನಾಟದಲ್ಲಿ ಅನೇಕ ತರುಣರು ಲೋಕಸೇವೆಯ ದೀಕ್ಷೆ ಪಡೆದರು. ಅವರಲ್ಲೊಬ್ಬರಾದ ಮೇಳಿಗೆಯ ಯು. ಆರ್. ಅನಂತಮೂರ್ತಿಯವರು 1963ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಿಂದ ಇಂಗ್ಲೆಂಡಿಗೆ ತೆರಳಿ, 1966ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಗಳಿಸಿ, ಸ್ವದೇಶಕ್ಕೆ ಮರಳಿ ಅಧ್ಯಾಪಕರಾದರು; ಕನ್ನಡದಲ್ಲಿಯೇ ಬರೆದರು. ಅವರ ‘ಅವಸ್ಥೆ’ ಕಾದಂಬರಿಯಲ್ಲಿ ಗೌಡರ ಬಾಳಿನ ಛಾಯೆಯಿದೆ.

ಗೌಡರು 1972ರ ಜೂನ್ 9ರಂದು, ನಾಲ್ವತ್ತೊಂಬತ್ತನೆಯ ವಯಸ್ಸಿನಲ್ಲಿ, ದಿವಂಗತರಾದರು. ಗೇಣಿದಾರರಿಗೆ ನೆಲದ ಒಡೆತನವನ್ನಿತ್ತ 1974ರ ಶಾಸನವನ್ನು ನೋಡುವ ಭಾಗ್ಯ ಅವರಿಗೆ ಲಭಿಸಲಿಲ್ಲ.

ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಕೆಲವರು ಮುಂದೆ ಪರರ ಧನಸಹಾಯದಿಂದ ಕಡಲಾಚೆ ಓದಲು ಹೋಗಬಹುದು. ಆ ಹಣವೂ ಯಾರೋ ದುಡಿದು ಕೊಟ್ಟ ನೋಟೇ ಆಗಿದೆ. ಗಳಿಸಿದ ವಿದ್ಯೆಯನ್ನು ಜನಸೇವೆಗೆ ಸಲ್ಲಿಸಿದಲ್ಲದೆ ಆ ಸಾಲ ತೀರದು.