ವಾಹನ ಸುರಕ್ಷತೆಯ ಶಿಲ್ಪಿ ಬೇಲಾ ಬರೇನಿ

ಐವತ್ತು ವರ್ಷಗಳ ಹಿಂದೆ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಪೇಟೆಯಲ್ಲಿ ಬಾಡಿಗೆ ಕಾರುಗಳು ಬೆರಳೆಣಿಕೆಯಷ್ಟಿದ್ದವು. ಮದುವೆಯ ದಿಬ್ಬಣಕ್ಕಾಗಲಿ, ಕೊಲ್ಲೂರಿನ ಯಾತ್ರೆಗಾಗಲಿ, ರೋಗಿಯನ್ನು ಮಣಿಪಾಲಕ್ಕೆ ಒಯ್ಯುವುದಕ್ಕಾಗಲಿ ಅವೇ ಗತಿ. ನಾನು ಬಾಲಕನಾಗಿದ್ದಾಗ ಆಷಾಢದ ಒಂದು ಸಂಜೆ ಅಂತಹ ಕಾರೊಂದರಲ್ಲಿ ಮರವಂತೆಯನ್ನು ದಾಟಿದ ನೆನಪು ಇನ್ನೂ ಮಾಸಿಲ್ಲ. ಎಡಕ್ಕೆ ಭೋರ್ಗರೆಯುವ ಕಡಲು, ಬಲಕ್ಕೆ ತುಂಬಿ ಹರಿಯುವ ಸೌಪರ್ಣಿಕಾ, ನಡುವೆ ಕಿರಿದಾದ ರಸ್ತೆ. ಒಳಗೆ ಒಂಬತ್ತು ಮಂದಿಯ ಉಸಿರಿನಿಂದ ಗಾಜು ಮಂಜುಗಟ್ಟಿತ್ತು. ಚಾಲಕರು ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಇನ್ನೊಂದು ಕೈಯಲ್ಲಿ ಬಟ್ಟೆಯಿಂದ ಗಾಜನ್ನು ಒರೆಸುತ್ತ, ಕಾಣದ ದಾರಿಯನ್ನು ಊಹಿಸಿಕೊಂಡು ಸಾಗಿದ್ದರು. ನಮಗಾರಿಗೂ ಭಯವೆನಿಸಲಿಲ್ಲ. ಕಾರು ಗಟ್ಟಿಯಾಗಿದೆ ಎಂಬ ನಂಬಿಕೆಯೇ ಅದಕ್ಕೆ ಕಾರಣ.

ಆ ನಂಬಿಕೆ ಇಂದಿಗೂ ನಮ್ಮ ಕರಾವಳಿಯಲ್ಲಿ ಅಳಿದಿಲ್ಲ. ಹಿಂದಿನ ಕಾರುಗಳು ಕಬ್ಬಿಣದ ಕೋಟೆಗಳು, ಇಂದಿನವು ಬೆರಳಿನಿಂದ ಒತ್ತಿದರೆ ತಗ್ಗುವ ತಗಡಿನ ಡಬ್ಬಿಗಳು ಎಂದು ಹಿರಿಯರು ಹೇಳುವುದನ್ನು ನೀವೂ ಕೇಳಿರಬಹುದು. ಗಟ್ಟಿಯಾದ ಕಾರು ಪ್ರಯಾಣಿಕನನ್ನು ಕಾಯುತ್ತದೆ ಎಂಬ ಈ ಸಹಜವಾದ ಭಾವನೆಯನ್ನು ಬುಡಮೇಲು ಮಾಡಿದ ಮಹನೀಯರೇ ಬೇಲಾ ಬರೇನಿ.

ಬರೇನಿಯವರು 1907ರ ಮಾರ್ಚ್ 1ರಂದು ವಿಯೆನ್ನಾ ನಗರಕ್ಕೆ ಸಮೀಪದ ಹಿರ್ಟೆನ್‌ಬರ್ಗ್ ಎಂಬ ಊರಿನಲ್ಲಿ ಜನಿಸಿದರು. ಅಂದು ಅದು ಆಸ್ಟ್ರಿಯ-ಹಂಗೇರಿ ಸಾಮ್ರಾಜ್ಯಕ್ಕೆ ಸೇರಿತ್ತು. ತಾಯಿಯ ಮನೆತನ ಶ್ರೀಮಂತವಾದುದು. ಕಾರು ಕಾಣಸಿಗುವುದೇ ಅಪರೂಪವಾಗಿದ್ದ ಕಾಲದಲ್ಲಿ ಆ ಬಾಲಕನಿಗೆ ಮನೆಯಲ್ಲಿಯೇ ಅದರ ಪರಿಚಯವಾಯಿತು. ಆದರೆ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ತಂದೆ ತೀರಿಕೊಂಡರು. ಸಾಮ್ರಾಜ್ಯ ಛಿದ್ರವಾಯಿತು, ಸಿರಿ ಕರಗಿತು. ಶುಲ್ಕ ತೆರಲಾಗದೆ ಅವರು ಶಾಲೆಯನ್ನು ಬಿಡಬೇಕಾಗಿ ಬಂದಿತು. ಆದರೂ ಎದೆಗುಂದದೆ ವಿಯೆನ್ನಾದ ತಾಂತ್ರಿಕ ವಿದ್ಯಾಲಯವನ್ನು ಸೇರಿ ಯಂತ್ರಶಾಸ್ತ್ರವನ್ನು ಅಭ್ಯಸಿಸಿದರು. ಹದಿನೆಂಟರ ಹರೆಯದಲ್ಲಿ, 1925ರಲ್ಲಿ, ಜನಸಾಮಾನ್ಯರಿಗೆ ನಿಲುಕುವ ಕಾರೊಂದರ ನಕ್ಷೆಯನ್ನು ರಚಿಸಿದರು. ಅದರ ಇಂಜಿನ್ ಹಿಂಭಾಗದಲ್ಲಿದ್ದು ಗಾಳಿಯಿಂದಲೇ ತಂಪಾಗುವಂತಹುದು. ಮುಂದೆ ಲೋಕಪ್ರಸಿದ್ಧವಾದ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಮೂಲ ಕಲ್ಪನೆಯಲ್ಲಿ ಅವರಿಗೂ ಪಾಲಿದೆಯೆಂಬುದನ್ನು 1950ರ ದಶಕದಲ್ಲಿ ಜರ್ಮನಿಯ ನ್ಯಾಯಾಲಯ ಅಂಗೀಕರಿಸಿತು.

ವಿದ್ಯಾಭ್ಯಾಸ ಮುಗಿದರೂ ಜೀವನ ಸುಗಮವಾಗಲಿಲ್ಲ. ಹಲವು ಕಂಪನಿಗಳಲ್ಲಿ ನಕ್ಷೆಗಾರರಾಗಿ ದುಡಿದರು. ಕೆಲವೊಮ್ಮೆ ಕೆಲಸವಿಲ್ಲದೆಯೂ ಕುಳಿತರು. ಡೈಮ್ಲರ್-ಬೆಂಜ್ ಕಂಪನಿಗೆ ಅರ್ಜಿ ಹಾಕಿದಾಗ ಮೊದಲು ದೊರೆತದ್ದು ನಿರಾಕರಣೆ. ಬಳಿಕ ಆ ಕಂಪನಿಯ ಹಿರಿಯ ಅಧಿಕಾರಿ ವಿಲ್ಹೆಲ್ಮ್ ಹಾಸ್ಪೆಲ್ ಅವರನ್ನು ಕಾಣುವ ಅವಕಾಶ ಒದಗಿತು. ಕೆಲಸ ಬೇಡಲು ಹೋದವರು ಸಾಮಾನ್ಯವಾಗಿ ಹೊಗಳಿ ಬರುತ್ತಾರೆ. ಬರೇನಿಯವರಾದರೋ ಕಂಪನಿಯ ಕಾರುಗಳ ಅಚ್ಚು, ಸ್ಟಿಯರಿಂಗ್, ಬಂಪರ್ ಹೀಗೆ ಒಂದೊಂದರಲ್ಲಿಯೂ ಇದ್ದ ದೋಷಗಳನ್ನು ಎತ್ತಿ ತೋರಿಸಿದರು. ಹಾಸ್ಪೆಲ್ ಅವರು ಮುನಿಯಲಿಲ್ಲ. ಇಂಥವನೊಬ್ಬ ತಮ್ಮಲ್ಲಿ ಇರಬೇಕೆಂದು ತೀರ್ಮಾನಿಸಿ 1939ರಲ್ಲಿ ಕೆಲಸಕ್ಕೆ ಸೇರಿಸಿಕೊಂಡರು. ಬರೇನಿಯವರಷ್ಟೇ ಮೆಚ್ಚುಗೆಗೆ ಹಾಸ್ಪೆಲ್ ಅವರೂ ಪಾತ್ರರೆಂದು ನನಗೆ ಅನಿಸುತ್ತದೆ.

ಅಂದಿನ ತಜ್ಞರೆಲ್ಲ ಕಾರನ್ನು ಆದಷ್ಟು ಬಿಗಿಯಾಗಿ ಕಟ್ಟಬೇಕೆಂದು ಭಾವಿಸಿದ್ದರು. ಬರೇನಿಯವರು ಕೇಳಿಕೊಂಡ ಪ್ರಶ್ನೆಯೇ ಬೇರೆ. ಓಡುತ್ತಿರುವ ಕಾರಿನಲ್ಲಿ ಅಡಗಿರುವ ಚಲನಶಕ್ತಿ ಗೋಡೆಗೆ ಬಡಿದೊಡನೆ ಎಲ್ಲಿಗೆ ಹೋಗುತ್ತದೆ? ಕಾರು ಕಿಂಚಿತ್ತೂ ಬಾಗದಿದ್ದರೆ ಆ ಹೊಡೆತವೆಲ್ಲ ಒಳಗೆ ಕುಳಿತವರ ಮೈಮೇಲೆ ಎರಗುತ್ತದೆ. ಎತ್ತರದ ಪಾಗಾರದಿಂದ ಮುರಕಲ್ಲಿನ ಅಂಗಳಕ್ಕೆ ಹಾರಿದವನ ಕಾಲು ಉಳುಕುತ್ತದೆ. ಅಷ್ಟೇ ಎತ್ತರದಿಂದ ಕಡಲ ತೀರದ ಮರಳಿಗೆ ಹಾರಿದವನು ನಗುತ್ತ ಏಳುತ್ತಾನೆ. ಮರಳು ಕುಸಿಯುತ್ತದೆ, ದೇಹ ನಿಲ್ಲುವುದಕ್ಕೆ ಸ್ವಲ್ಪ ಹೆಚ್ಚು ದೂರವೂ ಸಮಯವೂ ಸಿಗುತ್ತದೆ, ವ್ಯತ್ಯಾಸವಿರುವುದು ಇಷ್ಟರಲ್ಲಿಯೇ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸಾಗುವ ಕಾರು ಪ್ರತಿ ಸೆಕೆಂಡಿಗೆ ಸುಮಾರು 17 ಮೀಟರ್ ಚಲಿಸುತ್ತದೆ. ಅದು 10 ಸೆಂಟಿಮೀಟರಿನೊಳಗೆ ನಿಲ್ಲುವುದಕ್ಕೂ 60 ಸೆಂಟಿಮೀಟರಿನಲ್ಲಿ ನಿಲ್ಲುವುದಕ್ಕೂ ಬಲದಲ್ಲಿ ಆರು ಪಟ್ಟು ಅಂತರವಿದೆ. ಹದಿನೈದು ವರ್ಷದ ನೀವು ಭೌತಶಾಸ್ತ್ರದ ಪಾಠದ ನೆರವಿನಿಂದ ಲೆಕ್ಕ ಹಾಕಬಲ್ಲ ಈ ಸಂಗತಿಯನ್ನು ಕಾರಿನ ವಿನ್ಯಾಸಕ್ಕೆ ಅಳವಡಿಸಲು ಅರ್ಧ ಶತಮಾನ ಬೇಕಾಯಿತು.

ಆದುದರಿಂದ ಅವರು ಕಾರನ್ನು ಮೂರು ಭಾಗಗಳಾಗಿ ಕಲ್ಪಿಸಿದರು. ನಡುವಣ ಭಾಗ ಜನರು ಕೂರುವ ಕೋಣೆ. ಅದು ಪೆಟ್ಟಿಗೆಯಂತೆ ದೃಢವಾಗಿರಬೇಕು. ಮುಂದಿನ ಮತ್ತು ಹಿಂದಿನ ಭಾಗಗಳು ಹೊಡೆತ ಬಿದ್ದಾಗ ಕ್ರಮವಾಗಿ ಮಡಿಚಿ, ಕುಗ್ಗಿ, ಆ ಶಕ್ತಿಯನ್ನು ನುಂಗಿಕೊಳ್ಳಬೇಕು. 1951ರಲ್ಲಿ ಈ ವಿಚಾರಕ್ಕೆ ಪೇಟೆಂಟ್ ಕೋರಿದರು. 1952ರಲ್ಲಿ 854157ನೆಯ ಸಂಖ್ಯೆಯ ಪೇಟೆಂಟ್ ದೊರೆಯಿತು. ಅದು ಪೂರ್ಣರೂಪದಲ್ಲಿ ಕಾರಾಗಿ ಹೊರಬಂದದ್ದು 1959ರಲ್ಲಿ, ಮರ್ಸಿಡಿಸ್‌ನ 220 ಮಾದರಿಯಲ್ಲಿ. ಅದೇ ವರ್ಷ ಸೆಪ್ಟೆಂಬರ್ 10ರಂದು ಜಿಂಡೆಲ್‌ಫಿಂಗೆನ್‌ನ ಕಾರ್ಖಾನೆಯಲ್ಲಿ ಕಾರೊಂದನ್ನು ಬೇಕೆಂದೇ ಗಟ್ಟಿಯಾದ ತಡೆಗೆ ಢಿಕ್ಕಿ ಹೊಡೆಸಿ ಪರೀಕ್ಷಿಸಲಾಯಿತು. ಮೊದಮೊದಲು ಕಾರನ್ನು ಎಳೆಯುವುದಕ್ಕೆ ಗ್ಲೈಡರ್ ವಿಮಾನವನ್ನು ಎಳೆಯುವ ಯಂತ್ರವನ್ನು ಬಳಸಿದರು. ಬಳಿಕ ಕುದಿನೀರಿನ ಆವಿಯಿಂದ ಚಿಮ್ಮುವ ರಾಕೆಟ್ಟನ್ನು ಕಾರಿನ ಹಿಂದೆ ಜೋಡಿಸಿದರು. ಹೊಚ್ಚಹೊಸ ಕಾರನ್ನು ಹೀಗೆ ಹಾಳುಗೆಡವುವುದನ್ನು ನಮ್ಮೂರ ಹಿರಿಯರು ಕಂಡಿದ್ದರೆ ಹುಚ್ಚೆಂದೇ ಬಗೆಯುತ್ತಿದ್ದರು.

ಕುಗ್ಗುವ ಮುಂಭಾಗವೊಂದೇ ಸಾಲದು. ಕಾರು ನಿಂತರೂ ಒಳಗಿರುವವರು ಅದೇ ವೇಗದಲ್ಲಿ ಮುಂದಕ್ಕೆ ಚಿಮ್ಮುತ್ತಾರೆ. ಸ್ವೀಡನ್ನಿನ ವೋಲ್ವೊ ಕಂಪನಿಯಲ್ಲಿದ್ದ ನೀಲ್ಸ್ ಬೋಲಿನ್ ಎಂಬವರು ರೂಪಿಸಿದ, ಎದೆಯನ್ನೂ ಸೊಂಟವನ್ನೂ ಹಿಡಿಯುವ ಸೀಟ್ ಬೆಲ್ಟ್ ಕಾರುಗಳಲ್ಲಿ ಬಂದದ್ದೂ 1959ರಲ್ಲಿಯೇ. ಈ ಎರಡೂ ಕೂಡಿದಾಗಲೇ ರಕ್ಷಣೆ ಪೂರ್ಣವಾಗುತ್ತದೆ. ಹಳೆಯ ಕಾರುಗಳಲ್ಲಿ ಸ್ಟಿಯರಿಂಗ್‌ನ ದಂಡವು ಈಟಿಯಂತೆ ಚಾಲಕನ ಎದೆಗೆ ನೇರವಾಗಿ ನಿಂತಿರುತ್ತಿತ್ತು. ಹೊಡೆತಕ್ಕೆ ಅದೂ ಕುಗ್ಗಿ ಸರಿಯುವಂತೆ ಮಾಡುವ ಉಪಾಯಗಳನ್ನು ಬರೇನಿಯವರು ಹುಡುಕಿದರು.

ಚಾಲಕನಿಗೆ ದಾರಿ ಚೆನ್ನಾಗಿ ಕಾಣಬೇಕೆಂಬುದರ ಕಡೆಗೂ ಅವರು ಗಮನ ಹರಿಸಿದರು. 1963ರಲ್ಲಿ ಬಂದ ಮರ್ಸಿಡಿಸ್ 230 ಎಸ್‌ಎಲ್ ಕಾರಿನ ಮಾಡು ನಡುವೆ ತಗ್ಗಿ ಎರಡು ಬದಿಗಳಲ್ಲಿ ಎತ್ತರವಾಗಿತ್ತು. ಪೂರ್ವದೇಶಗಳ ಪಗೋಡವನ್ನು ಹೋಲುವುದರಿಂದ ಅದಕ್ಕೆ ಪಗೋಡ ಮಾಡು ಎಂದೇ ಹೆಸರಾಯಿತು. ಕಿಟಕಿಗಳು ದೊಡ್ಡವಾಗಿ ಸುತ್ತಲ ನೋಟ ವಿಶಾಲವಾಯಿತು, ಮಾಡು ಬಲವಾಗಿಯೂ ಉಳಿಯಿತು. ಈ ವಿಷಯದಲ್ಲಿ ಹಳೆಯ ಕಾರುಗಳ ಪರವಾಗಿ ಒಂದು ಮಾತನ್ನು ಹೇಳಲೇಬೇಕು. ಅವುಗಳ ಮುಂಗಾಜಿನ ಇಕ್ಕೆಲದ ಕಂಬಗಳು ತೆಳ್ಳಗಿದ್ದವು. ಕಾರು ಮಗುಚಿದರೂ ಮಾಡು ಕುಸಿಯದಿರಲೆಂದು ಇಂದಿನ ಕಾರುಗಳಲ್ಲಿ ಆ ಕಂಬಗಳನ್ನು ದಪ್ಪಗೆ ಮಾಡುತ್ತಾರೆ. ತಿರುವಿನಲ್ಲಿ ರಸ್ತೆ ದಾಟುವ ಬಾಲಕನೊಬ್ಬ ಅದರ ಮರೆಯಲ್ಲಿ ಪೂರ್ತಿಯಾಗಿ ಅಡಗಿಹೋಗಬಹುದು. ಹಳೆಯ ಕಾರನ್ನು ಊರಿನ ಗ್ಯಾರೇಜಿನಲ್ಲಿಯೇ ಬಿಚ್ಚಿ ಜೋಡಿಸಬಹುದಾಗಿತ್ತು ಎಂಬುದೂ ನಿಜ. ಆದರೆ ನಮ್ಮ ಕಡಲ ಉಪ್ಪುಗಾಳಿಗೆ ಅದರ ತಗಡು ಬೇಗನೆ ತುಕ್ಕು ಹಿಡಿಯುತ್ತಿತ್ತು. ಸತುವಿನ ಲೇಪವಿರುವ ಈಗಿನ ಉಕ್ಕು ಹೆಚ್ಚು ಬಾಳುತ್ತದೆ.

ಬರೇನಿಯವರು 1972ರಲ್ಲಿ ನಿವೃತ್ತರಾದರು. ಅವರ ಹೆಸರಿನಲ್ಲಿದ್ದ ಪೇಟೆಂಟುಗಳು 2,500ಕ್ಕೂ ಅಧಿಕ; ಮಹಾಸಂಶೋಧಕ ಎಡಿಸನ್ ಅವರು ಅಮೆರಿಕದಲ್ಲಿ ಪಡೆದದ್ದು 1,093. ಆದರೂ ಕಾರನ್ನು ಏರುವವರಲ್ಲಿ ಬರೇನಿಯವರ ಹೆಸರನ್ನು ಅರಿತವರು ವಿರಳ. 1994ರಲ್ಲಿ ಅಮೆರಿಕದ ಆಟೊಮೋಟಿವ್ ಹಾಲ್ ಆಫ್ ಫೇಮ್ ಅವರನ್ನು ಗೌರವಿಸಿತು. 1997ರ ಮೇ 30ರಂದು, ತೊಂಬತ್ತು ವರ್ಷಗಳ ತುಂಬುಜೀವನವನ್ನು ನಡೆಸಿ, ಜರ್ಮನಿಯ ಬೋಬ್ಲಿಂಗೆನ್‌ನಲ್ಲಿ ಅವರು ಕಣ್ಮುಚ್ಚಿದರು.

ಅವರ ವಿಚಾರ ನಮ್ಮ ದೇಶವನ್ನು ತಲುಪಲು ಬಹುಕಾಲ ಹಿಡಿಯಿತು. ನಾವು ಕೋಟೆಯೆಂದು ನಂಬಿದ್ದ ಅಂಬಾಸಡರ್ ಕಾರು ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ರೂಪಾಂತರ. ಬರೇನಿಯವರ ಕಲ್ಪನೆ ರಸ್ತೆಗಿಳಿಯುವ ಮೊದಲೇ ಸಿದ್ಧವಾದ ಆ ವಿನ್ಯಾಸ, ಹಲವು ಮಾರ್ಪಾಡುಗಳೊಂದಿಗೆ, ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಾಗುತ್ತಿತ್ತು. ಹೊಸ ಮಾದರಿಯ ಕಾರುಗಳು ಢಿಕ್ಕಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಲೇಬೇಕೆಂಬ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದು 2017ರ ಅಕ್ಟೋಬರ್ 1ರಂದು. ಕಾರುಗಳಿಗೆ ನಕ್ಷತ್ರಗಳ ಮೂಲಕ ಅಂಕ ನೀಡುವ ಭಾರತ್ ಎನ್‌ಕ್ಯಾಪ್ ಎಂಬ ವ್ಯವಸ್ಥೆ 2023ರಲ್ಲಿ ಆರಂಭವಾಯಿತು.

ಈಗ ಬ್ರಹ್ಮಾವರದಿಂದ ಬೈಂದೂರಿನತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 66 ಅಗಲವಾಗಿದೆ, ವೇಗವೂ ಹೆಚ್ಚಿದೆ. ರಸ್ತೆಯ ಬದಿಯಲ್ಲಿ ಮೂತಿ ನಜ್ಜುಗುಜ್ಜಾದ ಕಾರೊಂದನ್ನು ಕಂಡರೆ ಜನ ನಿಂತು ಬಾನೆಟ್ಟನ್ನು ನೋಡಿ ತಲೆಯಾಡಿಸುತ್ತಾರೆ. ಅಂತಹ ಕಾರುಗಳನ್ನು ರಿಪೇರಿಗೆ ಪಡೆಯುವ ಅನುಭವಿ ಮೆಕ್ಯಾನಿಕ್ ಮಾತ್ರ ಮುಂಭಾಗವನ್ನು ಬಿಟ್ಟು ಮೊದಲು ಬಾಗಿಲುಗಳ ಬಳಿಗೆ ಹೋಗಿ, ನಾಲ್ಕೂ ಸಲೀಸಾಗಿ ತೆರೆದುಕೊಳ್ಳುತ್ತವೆಯೇ ಎಂದು ಒಂದೊಂದಾಗಿ ಎಳೆದು ನೋಡುತ್ತಾನೆ.