ಕಣ್ಣಿಲ್ಲದ ಮಕ್ಕಳಿಗೆ ದುಡಿಮೆಯ ದಾರಿ ಮಾಡಿಕೊಟ್ಟ ಪಂಚಾಕ್ಷರಿ ಗವಾಯಿಗಳು

ನಾನು ಈ ಶಾಲೆಯಲ್ಲಿ ಓದುತ್ತಿದ್ದಾಗ ನಮ್ಮೂರ ಮಠದಲ್ಲಿ ಶ್ರಾವಣ ತಿಂಗಳಿಡೀ ಪುರಾಣ ನಡೆಯುತ್ತಿತ್ತು. ತಬಲಾ ನುಡಿಸಲು ಬರುತ್ತಿದ್ದವರಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ. ಬಸ್ಸಿನಿಂದ ಒಬ್ಬರೇ ಇಳಿದು, ಕೋಲು ಊರಿಕೊಂಡು ಮಠಕ್ಕೆ ನಡೆದು ಬರುತ್ತಿದ್ದರು. ಪುರಾಣ ಮಂಗಲವಾದ ದಿನ ಕೊಟ್ಟ ನೋಟುಗಳನ್ನು ಬೆರಳಿನಿಂದ ಅಳೆದು ಎಣಿಸಿ, ಒಳಜೇಬಿಗೆ ಇಟ್ಟುಕೊಂಡು, ಸಂಜೆಯ ಬಸ್ಸಿಗೆ ಹೋಗಿಬಿಡುತ್ತಿದ್ದರು. ಹೆಂಡತಿ, ಮಕ್ಕಳು, ಮನೆ ಎಲ್ಲವೂ ಆ ತಬಲಾದ ಮೇಲೆಯೇ ನಡೆದಿತ್ತು. ಎಲ್ಲಿ ಕಲಿತಿರಿ ಎಂದು ಕೇಳಿದವರಿಗೆ ಗದಗಿನ ಪುಣ್ಯಾಶ್ರಮ ಎಂದು ಹೇಳಿ, ಎರಡೂ ಕೈ ಜೋಡಿಸುತ್ತಿದ್ದರು. ಅವರು ಕೈ ಮುಗಿಯುತ್ತಿದ್ದ ಗುರು ಯಾರೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಕೇಳಿದಾಗ ಕಂಪ್ಯೂಟರ್ ಬಗ್ಗೆ ಬರೆಯುತ್ತೇನೆಂದು ಎಲ್ಲರೂ ಅಂದುಕೊಂಡಿರಬಹುದು. ನನಗೆ ಬರೆಯಬೇಕೆನಿಸಿದ್ದು ಇವರ ಬಗ್ಗೆ.

ಪಂಚಾಕ್ಷರಿ ಗವಾಯಿಗಳು ಹುಟ್ಟಿದ್ದು 1892ರಲ್ಲಿ, ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಈಗ ಅದು ಹಾವೇರಿ ಜಿಲ್ಲೆ, ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ತಂದೆ ಗುರುಪಾದಯ್ಯ, ತಾಯಿ ನೀಲಮ್ಮ. ಮಗುವಿಗೆ ಇಟ್ಟ ಹೆಸರು ಗದಿಗೆಯ್ಯ. ಈ ಹುಡುಗನಿಗೂ ಕಣ್ಣಿಲ್ಲ, ಅಣ್ಣ ಗುರುಬಸಯ್ಯನಿಗೂ ಇಲ್ಲ. ಅಂದಿನ ಕಾಲವನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ಭಾರತದಲ್ಲಿ ಕಣ್ಣಿಲ್ಲದವರಿಗೆಂದು ಮೊದಲ ಶಾಲೆ ತೆರೆದದ್ದೇ 1887ರಲ್ಲಿ, ದೂರದ ಅಮೃತಸರದಲ್ಲಿ. ಭಾರತೀಯ ಭಾಷೆಗಳಿಗೆಲ್ಲ ಒಂದೇ ಬಗೆಯ ಬ್ರೈಲ್ ಲಿಪಿ ಗೊತ್ತಾದದ್ದು 1951ರಲ್ಲಿ, ಗವಾಯಿಗಳು ತೀರಿಕೊಂಡ ಏಳು ವರ್ಷಗಳ ನಂತರ. ಹಾನಗಲ್ಲ ಸೀಮೆಯ ಬಡ ಮನೆಯ ಇಬ್ಬರು ಕುರುಡು ಹುಡುಗರಿಗೆ ಜನ ಕಾಣುತ್ತಿದ್ದ ದಾರಿ ಒಂದೇ, ಭಿಕ್ಷೆ.

ಇಬ್ಬರಿಗೂ ಒಳ್ಳೆಯ ಕಂಠವಿತ್ತು. ಅದನ್ನು ಗುರುತಿಸಿ ಅವರ ಹೊಣೆ ಹೊತ್ತವರು ಹಾನಗಲ್ಲ ಕುಮಾರಸ್ವಾಮಿಗಳು, ಬಾದಾಮಿ ಹತ್ತಿರದ ಶಿವಯೋಗ ಮಂದಿರವನ್ನು ಕಟ್ಟಿದವರು. ಕುರುಡು ಮಕ್ಕಳಿಗೆ ಅನ್ನ ಹಾಕಿದ ಪುಣ್ಯವಂತರು ಆಗಲೂ ಬೇಕಾದಷ್ಟು ಮಂದಿ ಇದ್ದರು. ಸ್ವಾಮಿಗಳು ಅಷ್ಟಕ್ಕೇ ನಿಲ್ಲಲಿಲ್ಲ. ವರ್ಷಗಟ್ಟಲೆ ಖರ್ಚು ಮಾಡಿ ವಿದ್ಯೆ ಕಲಿಸಿದರು. ಗದಿಗೆಯ್ಯ ಕರ್ನಾಟಕಿ ಸಂಗೀತ ಕಲಿತ, ಆಮೇಲೆ ಉಸ್ತಾದ್ ವಹೀದ್ ಖಾನರಲ್ಲಿ ಹಿಂದೂಸ್ತಾನಿ ಕಲಿತ. ವೀರಶೈವ ಮಠದ ಆಶ್ರಯದ ಹುಡುಗನಿಗೆ ಮುಸಲ್ಮಾನ ಉಸ್ತಾದರು ವಿದ್ಯೆ ಕೊಟ್ಟರು, ಅದು ಆಗ ಯಾರಿಗೂ ವಿಶೇಷವೆನಿಸಲಿಲ್ಲ. ಎರಡೂ ಪದ್ಧತಿಗಳಲ್ಲಿ ಹಾಡಬಲ್ಲವರಾದ್ದರಿಂದ ಮುಂದೆ ಜನ ಅವರನ್ನು ಉಭಯಗಾನ ವಿಶಾರದ ಎಂದು ಕರೆದರು.

ಇಷ್ಟು ವಿದ್ಯೆ ಕೈಗೆ ಬಂದವರು ಯಾವುದಾದರೂ ಸಂಸ್ಥಾನದಲ್ಲಿ ಆಸ್ಥಾನ ಗಾಯಕರಾಗಿ ಸುಖವಾಗಿ ಇರಬಹುದಿತ್ತು. ಗವಾಯಿಗಳು 1914ರ ಸುಮಾರಿಗೆ ಸಂಚಾರಿ ಸಂಗೀತ ಪಾಠಶಾಲೆ ಶುರುಮಾಡಿದರು. ಕುರುಡು ಮಕ್ಕಳು, ಬಡ ಮಕ್ಕಳು, ಅನಾಥ ಮಕ್ಕಳನ್ನು ಕಟ್ಟಿಕೊಂಡು ಊರಿಂದೂರಿಗೆ ಹೋಗುವುದು, ಆ ಊರು ಅನ್ನ ಹಾಕುವಷ್ಟು ದಿನ ಅಲ್ಲಿ ಪಾಠ, ಆಮೇಲೆ ಮುಂದಿನ ಊರು. ಕಟ್ಟಡವಿಲ್ಲ, ಅನುದಾನವಿಲ್ಲ, ಫೀ ಇಲ್ಲ. ಅವರ ಜೀವನದ ಬಗ್ಗೆ ಪವಾಡದ ಕತೆಗಳು ಬಹಳ ಇವೆ. ನನ್ನ ಇಂಜಿನಿಯರ್ ತಲೆಗೆ ಪವಾಡಕ್ಕಿಂತ ದೊಡ್ಡದಾಗಿ ಕಾಣುವುದು ಲೆಕ್ಕ. ನಲವತ್ತು ಮಕ್ಕಳೆಂದು ಇಟ್ಟುಕೊಳ್ಳಿ. ಹೊತ್ತಿಗೆ ಮೂರು ಜೋಳದ ರೊಟ್ಟಿ, ದಿನಕ್ಕೆ ಎರಡು ಹೊತ್ತು. ಇನ್ನೂರ ನಲವತ್ತು ರೊಟ್ಟಿಯಾಯಿತು. ನಾಳೆ ಮತ್ತೆ ಇನ್ನೂರ ನಲವತ್ತು. ಬರಗಾಲ ಬಂದರೂ ಅಷ್ಟೇ ರೊಟ್ಟಿ ಬೇಕು. ಅದನ್ನು ಕಣ್ಣಿಲ್ಲದ ಒಬ್ಬರು ಮೂವತ್ತು ವರ್ಷ ನಡೆಸಿದರು. ಹಿಟ್ಟು ಕೊಟ್ಟವರು, ಜೋಳ ಕೊಟ್ಟವರು, ರೊಟ್ಟಿ ಬಡಿದ ತಾಯಂದಿರು ನಮ್ಮಂಥ ಹಳ್ಳಿಗಳವರೇ.

ಪಾಠವೆಲ್ಲ ಕಿವಿಯಿಂದ ಕಿವಿಗೆ. ಗುರುಗಳು ಹಾಡಬೇಕು, ಹುಡುಗ ಕೇಳಿ ತಿರುಗಿ ಹಾಡಬೇಕು, ತಪ್ಪಿದರೆ ಮತ್ತೆ. ತಬಲಾದಲ್ಲಿ ಬೆರಳು ಎಲ್ಲಿ ಬೀಳಬೇಕೆಂದು ಕೈ ಹಿಡಿದು ತೋರಿಸಬೇಕು. ಕಣ್ಣಿದ್ದ ಮೇಷ್ಟ್ರಿಗೆ ಇಲ್ಲದ ಒಂದು ಅನುಕೂಲ ಇವರಿಗಿತ್ತೆಂದು ನನಗನಿಸುತ್ತದೆ. ಕತ್ತಲಲ್ಲಿ ಕಲಿಯುವುದು ಹೇಗೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ನಿನಗೆ ಇದು ಆಗುವುದಿಲ್ಲ ಎನ್ನುವ ಮಾತು ಅವರೆದುರು ಯಾವ ಹುಡುಗನೂ ಆಡುವಂತಿರಲಿಲ್ಲ.

ಕಣ್ಣಿದ್ದ ಶಿಷ್ಯರೂ ಅವರ ಬಳಿ ಬಂದರು. ಯಲಿವಾಳದ ಬಸವರಾಜ ರಾಜಗುರು ಹದಿಹರೆಯದಲ್ಲಿ ಬಂದು ಸೇರಿದವರು. ಸಿದ್ಧರಾಮ ಜಂಬಲದಿನ್ನಿ, ಅರ್ಜುನಸಾ ನಾಕೋಡ ಕೂಡ ಅದೇ ಗರಡಿಯವರು. 1936ರಲ್ಲಿ ಹಂಪಿಯಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೇ ವರ್ಷದ ಉತ್ಸವ ನಡೆಯಿತು. ಅಲ್ಲಿ ರಾಜಗುರು ಅವರ ಮೊದಲ ದೊಡ್ಡ ಕಛೇರಿ, ಇನ್ನೂ ಇಪ್ಪತ್ತು ತುಂಬಿರದ ಹುಡುಗ. ಗುರುಗಳು ತಾವು ಹಾಡಲು ಕೂಡಲಿಲ್ಲ. ಶಿಷ್ಯನನ್ನು ನಡುವೆ ಕೂಡಿಸಿ, ತಾವು ಪಕ್ಕದಲ್ಲಿ ತಬಲಾ ಹಿಡಿದು ಸಾಥ್ ಕೊಟ್ಟರು. ಸಾಥಿದಾರನ ಜಾಗ ಯಾವುದು, ಗಾಯಕನ ಜಾಗ ಯಾವುದು ಎಂದು ಸಂಗೀತದವರಿಗೆ ಗೊತ್ತಿರುತ್ತದೆ. ಅಂಥ ಸಭೆಯಲ್ಲಿ ಗುರು ತಾನಾಗಿ ಪಕ್ಕಕ್ಕೆ ಸರಿದು ಕೂತ ಈ ಸಂಗತಿಯನ್ನು ನಾನು ಎಷ್ಟೋ ಸಲ ನೆನೆಸಿಕೊಂಡಿದ್ದೇನೆ. ಮುಂದೆ ರಾಜಗುರು ಪದ್ಮಭೂಷಣರಾದರು.

ಇನ್ನೊಬ್ಬ ಶಿಷ್ಯ ಪುಟ್ಟಯ್ಯ, ಹಾನಗಲ್ಲ ತಾಲೂಕಿನ ದೇವಗಿರಿಯವನು. ಹಸುಗೂಸಾಗಿದ್ದಾಗಲೇ ದೃಷ್ಟಿ ಹೋಗಿತ್ತು. ಸೋದರಮಾವ ತಂದು ಗವಾಯಿಗಳ ಕೈಗೆ ಒಪ್ಪಿಸಿದರು. ಆ ಹುಡುಗನೇ ನಾವೆಲ್ಲ ಬಲ್ಲ ಪುಟ್ಟರಾಜ ಗವಾಯಿಗಳು. ಹತ್ತಾರು ವಾದ್ಯ ನುಡಿಸಿದರು, ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಗ್ರಂಥ ರಚಿಸಿದರು, ಭಗವದ್ಗೀತೆಯನ್ನು ಬ್ರೈಲ್ ಲಿಪಿಗೆ ತಂದರು.

1942ರಲ್ಲಿ ಅಲೆದಾಟ ನಿಂತು ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ನೆಲೆಯಾಯಿತು. ಆದರೆ ಗವಾಯಿಗಳು ಆ ಸೂರಿನ ಕೆಳಗೆ ಇದ್ದದ್ದು ಎರಡೇ ವರ್ಷ. 1944ರ ಜೂನ್ 11ರಂದು, 52ನೇ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಮೂವತ್ತರ ಪುಟ್ಟರಾಜರ ಮೇಲೆ ಮಕ್ಕಳ ಹೊಣೆ ಬಿತ್ತು. ಅವರು ನಾಟಕ ಕಂಪನಿ ನಡೆಸಿ, ಊರೂರು ತಿರುಗಿ, 2010ರವರೆಗೆ, ಅಂದರೆ ಅರವತ್ತಾರು ವರ್ಷ ಒಲೆ ಆರದಂತೆ ನೋಡಿಕೊಂಡರು. ಗವಾಯಿಗಳ ಮೇಲೆ 1995ರಲ್ಲಿ ಬಂದ ಸಿನಿಮಾವನ್ನು ನಮ್ಮಲ್ಲಿ ಬಹಳ ಜನ ನೋಡಿದ್ದೀರಿ. ಹಂಸಲೇಖ ಅವರಿಗೂ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ತಂದುಕೊಟ್ಟದ್ದು ಅದೇ ಚಿತ್ರ.

ನಾನು ಎಂಟನೇ ತರಗತಿಯಲ್ಲಿದ್ದಾಗ ನನ್ನ ಪಕ್ಕ ಕೂರುತ್ತಿದ್ದ ಹುಡುಗನಿಗೆ ಕಣ್ಣು ಮಂಜು. ಮೊದಲ ಬೆಂಚಿನಿಂದಲೂ ಬೋರ್ಡು ಕಾಣುತ್ತಿರಲಿಲ್ಲ. ಕೆಲವು ವಾರ ನಾನು ಓದಿ ಹೇಳಿದೆ. ಪರೀಕ್ಷೆ ಹತ್ತಿರ ಬಂದಾಗ ಬಿಟ್ಟೆ. ದಸರಾ ರಜೆ ಮುಗಿದ ಮೇಲೆ ಅವನು ಬರಲಿಲ್ಲ. ನಮ್ಮೂರಿಂದ ಗದಗಿಗೆ ಬಸ್ಸಿನಲ್ಲಿ ಎರಡು ತಾಸಿನ ದಾರಿ. ಶ್ರಾವಣದ ಆ ತಬಲಾದವರನ್ನು ವರ್ಷವರ್ಷ ಕಂಡಿದ್ದರೂ ಅವನ ಮನೆಗೆ ಹೋಗಿ ಹೀಗೊಂದು ಜಾಗವಿದೆ ಎಂದು ಹೇಳಲು ನನಗೆ ಹೊಳೆಯಲೇ ಇಲ್ಲ.

ಈಗ ಅಂಥ ಮಕ್ಕಳಿಗೆ ಕಾನೂನಿನ ಬಲವೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ, ಶೇಕಡ 40 ಅಥವಾ ಹೆಚ್ಚು ಅಂಗವೈಕಲ್ಯವಿರುವ ಮಕ್ಕಳು 6ರಿಂದ 18 ವರ್ಷದವರೆಗೆ ಉಚಿತವಾಗಿ ಓದಬಹುದು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಬರೆದುಕೊಡುವವರನ್ನು, ಹೆಚ್ಚಿನ ಸಮಯವನ್ನು ಕೇಳಿ ಪಡೆಯಬಹುದು. ಅದಕ್ಕೆ ಅಂಗವಿಕಲತೆಯ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟಿರಬೇಕು. ಪುಣ್ಯಾಶ್ರಮ ಗದಗಿನಲ್ಲಿ ಇಂದಿಗೂ ನಡೆಯುತ್ತಿದೆ.