ಲಕ್ಷ್ಮಣರಾವ್ ಕಿರ್ಲೋಸ್ಕರ್: ಕಬ್ಬಿಣದ ಪಾಠ ಹೇಳಿದ ಶಿಕ್ಷಕ

ಬೆಳಗಾವಿಯ ಕಿರ್ಲೋಸ್ಕರ್ ರಸ್ತೆಯಲ್ಲಿ ಓಡಾಡುವ ನಮಗೆ ಲಕ್ಷ್ಮಣರಾವ್ ಕಿರ್ಲೋಸ್ಕರ್ ಉದ್ಯಮಿಯೆಂದು ಗೊತ್ತು. ಅವರು ಮೊದಲು ಶಿಕ್ಷಕರಾಗಿದ್ದರು ಎಂಬುದನ್ನು ಪ್ರಶಿಕ್ಷಣಾರ್ಥಿಗಳಾದ ನಾವು ನೆನೆಯಬೇಕು.

ಅವರು 1869ರ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಚಿತ್ರಕಲೆ ಕಲಿಯಲು ಮುಂಬೈಯ ಜೆ. ಜೆ. ಕಲಾಶಾಲೆ ಸೇರಿದರು. ಬಣ್ಣ ಗುರುತಿಸುವ ದೃಷ್ಟಿಯಲ್ಲಿ ದೋಷವಿದ್ದುದರಿಂದ ಅದನ್ನು ಬಿಟ್ಟು ಯಂತ್ರಗಳ ರೇಖಾಚಿತ್ರ ಕಲಿತರು. ಮುಂದೆ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಬೋಧಿಸಿದರು. ತಮಗೆ ಸಲ್ಲಬೇಕಾದ ಬಡ್ತಿ ಆಂಗ್ಲೋ-ಇಂಡಿಯನ್ ಒಬ್ಬರಿಗೆ ಹೋದಾಗ ರಾಜೀನಾಮೆ ನೀಡಿದರು.

ಬೆಳಗಾವಿಯಲ್ಲಿ ಅಣ್ಣ ರಾಮಣ್ಣನವರೊಂದಿಗೆ ಸೈಕಲ್ ಅಂಗಡಿ ನಡೆಸಿದರು. ಬಳಿಕ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ತಯಾರಿಸಿದರು. ಕಬ್ಬಿಣ ತಗುಲಿದರೆ ಮಣ್ಣು ಕೆಡುತ್ತದೆಂದು ರೈತರು ಅಂಜಿದರು. ಮೊದಲ ನೇಗಿಲು ಮಾರಾಟವಾಗಲು ಸುಮಾರು ಎರಡು ವರ್ಷ ಬೇಕಾಯಿತು.

ಅದನ್ನು ಎರಕದಿಂದಲೇ ಏಕೆ ಮಾಡಿದರು? ವಿದ್ಯಾರ್ಥಿಗಳಿಗೆ ಕೇಳಬಹುದಾದ ಒಳ್ಳೆಯ ಪ್ರಶ್ನೆ. ಬೀಡು ಕಬ್ಬಿಣದಲ್ಲಿ ಇಂಗಾಲ ಶೇ. 2ಕ್ಕಿಂತ ಹೆಚ್ಚು. ಅದು ಸುಲಭವಾಗಿ ಕರಗಿ ಅಚ್ಚಿನ ರೂಪ ತಾಳುತ್ತದೆ, ಆದರೆ ಪೆಡಸು. ವೆಲ್ಡಿಂಗ್ ಮಾಡಿದರೆ ಬಿರುಕು ಬಿಡುವ ಸಂಭವ ಹೆಚ್ಚು. ಲೇಪನವಿರುವ ವೆಲ್ಡಿಂಗ್ ಕಡ್ಡಿ ಆಗಿನ್ನೂ ಸ್ವೀಡನ್ನಿನಲ್ಲಿ ರೂಪುಗೊಳ್ಳುತ್ತಿತ್ತು. ಇಂದು ಇಂಗಾಲ ಕಡಿಮೆಯಿರುವ ಉಕ್ಕಿನ ನೇಗಿಲ ಚೌಕಟ್ಟನ್ನು ಆ ಬಗೆಯ ಕಡ್ಡಿಯಿಂದಲೇ ಬೆಸೆಯುತ್ತಾರೆ. ಈ ವಿಧಾನದ ಸಂಕೇತನಾಮ ಎಸ್‌ಎಂಎಡಬ್ಲ್ಯೂ. ಕಡ್ಡಿಯ ಮೇಲಿನ ಇ6013 ಎಂಬುದರಲ್ಲಿ ‘ಇ’ ಎಂದರೆ ಎಲೆಕ್ಟ್ರೋಡ್. 60 ಎಂದರೆ ಬೆಸುಗೆಯ ಕನಿಷ್ಠ ಎಳೆತ ಸಾಮರ್ಥ್ಯ ಚದರ ಅಂಗುಲಕ್ಕೆ 60,000 ಪೌಂಡ್. 1 ಎಂದರೆ ಎಲ್ಲ ಭಂಗಿಗಳಲ್ಲೂ ಬೆಸೆಯಬಹುದು. ಕೊನೆಯ ಎರಡು ಅಂಕಿಗಳು ಸೇರಿ ಲೇಪನ ಮತ್ತು ವಿದ್ಯುತ್ತಿನ ಬಗೆ ತಿಳಿಸುತ್ತವೆ.

ಊರ ವಿಸ್ತರಣೆಗಾಗಿ ಕಾರ್ಖಾನೆಯ ಜಾಗ ಬಿಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ಅರಸರು ಕುಂಡಲ್ ಬಳಿ ನೆಲ ಕೊಟ್ಟರು. ಅಲ್ಲಿ 1910ರಲ್ಲಿ ಕಿರ್ಲೋಸ್ಕರ್‌ವಾಡಿ ಆರಂಭವಾಯಿತು. 1956ರ ಸೆಪ್ಟೆಂಬರ್ 26ರಂದು ಅವರು ನಿಧನರಾದರು.

ತರಗತಿ ಬಿಟ್ಟರೂ ಅವರಿಗೆ ಕಲಿಸುವ ಕೆಲಸ ತಪ್ಪಲಿಲ್ಲ. ಹೊಲದ ರೈತನೇ ಅವರ ಕಠಿಣ ವಿದ್ಯಾರ್ಥಿ. ‘ಲೋಹಗಳು’ ಘಟಕವನ್ನು ಬೋಧಿಸುವಾಗ ಕೋಷ್ಟಕಕ್ಕೆ ಮೊದಲು ಒಂದು ನೇಗಿಲ ತುಂಡು, ಒಂದು ವೆಲ್ಡಿಂಗ್ ಕಡ್ಡಿ ಮೇಜಿನ ಮೇಲಿಡೋಣ.